ಗಡಿಯಲ್ಲಿದ್ದ ದೀಪದ ಕಂಬ

ಪಕ್ಕದ ನಗರಸಭೆಯ ಪರಿಸರ ಅಧಿಕಾರಿ ನನಗೆ ಮೊದಲ ಸಲ ಫೋನ್ ಮಾಡಿದ್ದು ಜಗಳ ಆಡುವುದಕ್ಕೆ. ಆ ವಾರವಷ್ಟೇ ನಮ್ಮ ನಗರಸಭೆಯವರು ನಮ್ಮ ಮುಖ್ಯರಸ್ತೆಯ ಗಾಳಿಯ ಮಾಲಿನ್ಯದ ಲೆಕ್ಕ ಪ್ರಕಟಿಸಿ ಬೀಗಿದ್ದೆವು. ಹಗಲು ಹೊತ್ತು ಭಾರಿ ಲಾರಿಗಳನ್ನು ಆ ರಸ್ತೆಗೆ ಬಿಡಬಾರದೆಂದು ಆದೇಶ ಮಾಡಿ ವರ್ಷ ತುಂಬಿತ್ತು. ವಾಹನಗಳ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಇಳಿದಿತ್ತು. ಅಧ್ಯಕ್ಷರು ಪತ್ರಿಕೆಯವರ ಮುಂದೆ ನಗುತ್ತ ಫೋಟೊ ತೆಗೆಸಿಕೊಂಡಿದ್ದರು.

"ಅಭಿನಂದನೆ ಸರ್," ಅಂದರು ಆಕೆ. "ಆ ಲಾರಿಗಳೆಲ್ಲ ಎಲ್ಲಿ ಹೋದವು ಅಂತ ಯೋಚಿಸಿದ್ದೀರಾ? ನಮ್ಮ ಶಾಲೆಯ ಮುಂದೆ ನಿಂತಿವೆ."

ಯೋಚಿಸಿರಲಿಲ್ಲ. ನಮ್ಮ ನಕ್ಷೆ ನಮ್ಮ ಗಡಿಗೆ ಬಂದು ಮುಗಿಯುತ್ತಿತ್ತು, ಅದರಾಚೆ ಬಿಳಿ ಹಾಳೆ. ನಮ್ಮ ಅಂಗಳ ಗುಡಿಸಿ ಕಸವನ್ನು ಪಕ್ಕದವರ ಬಾಗಿಲಿಗೆ ತಳ್ಳಿದ್ದೆವು, ಅಷ್ಟೆ. ಮಾರನೆಯ ದಿನ ಬೆಳಿಗ್ಗೆ ಆ ಶಾಲೆಯ ರಸ್ತೆಗೆ ಹೋಗಿ ಒಂದು ಗಂಟೆ ನಿಂತು ಬಂದೆ. ಅಲ್ಲಿಂದ ಶುರುವಾದದ್ದು ಈ ಕೆಲಸ. ಆಮೇಲೆ ಮೂರನೆಯ ಊರೂ ಸೇರಿಕೊಂಡಿತು, ಏಕೆಂದರೆ ಆ ಲಾರಿಗಳು ಶಾಲೆ ದಾಟಿ ಹೋಗುತ್ತಿದ್ದದ್ದು ಅವರ ಗೋದಾಮುಗಳಿಗೆ.

ಮೊದಲ ಸಭೆಗೆ ಮೂರೂ ಕಡೆಯವರು ತಂತಮ್ಮ ಅಂಕಿ ಹಿಡಿದು ಬಂದೆವು. ಎರಡು ಗಂಟೆ ಮಾತಾಡಿದ ಮೇಲೆ ಗೊತ್ತಾಯಿತು, ನಾವು ಮೂರು ಬೇರೆ ಬೇರೆ ಭಾಷೆ ಆಡುತ್ತಿದ್ದೇವೆ ಅಂತ. ಮೂವರೂ ಬಳಸುತ್ತಿದ್ದದ್ದು ಡಿಫ್ಯೂಷನ್ ಟ್ಯೂಬ್. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಮೇಲಿನ ಮುಚ್ಚಳದೊಳಗೆ ಟ್ರೈಎಥನಾಲಮೀನ್ ಎಂಬ ರಾಸಾಯನಿಕ ಸವರಿದ ಸಣ್ಣ ಲೋಹದ ಜಾಲರಿ, ಕೆಳಬಾಯಿ ತೆರೆದಿರುತ್ತದೆ. ಕರೆಂಟ್ ಬೇಡ, ಪಂಪ್ ಬೇಡ. ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ತಾನಾಗಿ ಮೇಲಕ್ಕೆ ಹರಡಿ ಜಾಲರಿಗೆ ಅಂಟುತ್ತದೆ. ನಾಲ್ಕೈದು ವಾರ ಬಿಟ್ಟು ಇಳಿಸಿ ಲ್ಯಾಬಿಗೆ ಕಳಿಸಿದರೆ ಆ ಅವಧಿಯ ಸರಾಸರಿ ಸಿಗುತ್ತದೆ. ಯಾವ ಗಂಟೆಯಲ್ಲಿ ಎಷ್ಟಿತ್ತು ಅನ್ನುವುದು ಸಿಗುವುದಿಲ್ಲ. ಆದರೂ ಅಗ್ಗ, ಹತ್ತಾರು ಕಡೆ ಕಟ್ಟಬಹುದು.

ಸಮಸ್ಯೆ ಕಟ್ಟುವ ರೀತಿಯಲ್ಲಿತ್ತು. ನಾವು ಫುಟ್‌ಪಾತಿನ ಅಂಚಿನ ಕಂಬಕ್ಕೆ ಕಟ್ಟುತ್ತಿದ್ದೆವು. ಆಕೆಯ ಊರಿನವರು ಮನೆಗಳ ಗೋಡೆಯ ಮೇಲೆ, ಜನ ಉಸಿರಾಡುವಲ್ಲಿ. ನೈಟ್ರೋಜನ್ ಡೈಆಕ್ಸೈಡ್ ರಸ್ತೆಯಿಂದ ದೂರ ಸರಿದಂತೆ ಸರ್ರನೆ ಇಳಿಯುವ ಅನಿಲ, ಕೆಲವೇ ಮೀಟರಿನಲ್ಲಿ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಒಂದೇ ರಸ್ತೆಯ ಎರಡು ಲೆಕ್ಕ ಎರಡು ಬೇರೆ ಊರಿನದರಂತೆ ಇದ್ದವು. ಮೂರನೆಯವರ ಲ್ಯಾಬ್ ಜಾಲರಿಗೆ ರಾಸಾಯನಿಕ ಹಚ್ಚುವ ಪದ್ಧತಿಯೇ ಬೇರೆ: ನಮ್ಮದು ನೀರಿನಲ್ಲಿ ಕರಗಿಸಿದ್ದು, ಅವರದು ಅಸಿಟೋನಿನಲ್ಲಿ. ಇದರಿಂದಲೂ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಮೇಲಾಗಿ ಮೂವರೂ ಟ್ಯೂಬ್ ಬದಲಿಸುವ ದಿನ ಬೇರೆ ಬೇರೆ. ಒಬ್ಬರ ತಿಂಗಳಲ್ಲಿ ಬಿರುಗಾಳಿಯ ವಾರ ಸೇರಿದ್ದರೆ ಇನ್ನೊಬ್ಬರದರಲ್ಲಿ ಇಲ್ಲ.

ಯಾವ ಊರು ಹೆಚ್ಚು ಕೊಳಕು ಎಂದು ವಾದಿಸಲು ಬಂದವರಿಗೆ ವಾದಿಸಲು ಸಾಮಗ್ರಿಯೇ ಇಲ್ಲ! ನಿಜ ಹೇಳಬೇಕೆಂದರೆ ಇದರಿಂದ ಒಳ್ಳೆಯದೇ ಆಯಿತು. ಮೊದಲ ವರ್ಷ ಯಾರೂ ಯಾರನ್ನೂ ದೂರುವಂತಿಲ್ಲ, ಬರೀ ಅಳೆಯುವುದು ಅಂತ ಒಪ್ಪಿಕೊಂಡೆವು. ಒಂದೇ ಲ್ಯಾಬ್, ಒಂದೇ ಎತ್ತರ, ಒಂದೇ ಕ್ಯಾಲೆಂಡರ್. ಮೂವರ ಪೈಕಿ ನಮ್ಮಲ್ಲಿ ಮಾತ್ರ ಗಂಟೆಗಂಟೆಗೂ ಅಳೆಯುವ ಅನಲೈಸರ್ ಇತ್ತು. ಅದರ ಗಾಳಿ ಎಳೆಯುವ ಬಾಯಿಯ ಪಕ್ಕದಲ್ಲೇ ಮೂರು ಟ್ಯೂಬ್ ಕಟ್ಟಿ, ಟ್ಯೂಬಿನ ಮತ್ತು ಅನಲೈಸರಿನ ವರ್ಷದ ಸರಾಸರಿ ಹೋಲಿಸಿ, ಬಂದ ಅನುಪಾತದಿಂದ ಮೂರೂ ಊರಿನ ಟ್ಯೂಬುಗಳ ಲೆಕ್ಕ ತಿದ್ದಿದೆವು. ಹೊರಗೆ ಕಟ್ಟದೆ ಮುಚ್ಚಿಟ್ಟೇ ಓಡಾಡಿಸುವ ಒಂದು ಖಾಲಿ ಟ್ಯೂಬನ್ನೂ ಪ್ರತಿ ಸಲ ಜೊತೆಗೆ ಕಳಿಸುತ್ತಿದ್ದೆವು, ದಾರಿಯಲ್ಲಿ ಏನಾದರೂ ಸೇರಿಕೊಂಡರೆ ಅದು ಹೇಳುತ್ತದೆ. ಪುಸ್ತಕದಲ್ಲಿ ಬರೆಯದ ಸಂಗತಿಗಳೂ ಇದ್ದವು. ಟ್ಯೂಬಿನೊಳಗೆ ಜೇಡ ಬಲೆ ಕಟ್ಟುತ್ತದೆ. ಚುನಾವಣೆ ಬಂದರೆ ಪೋಸ್ಟರ್ ಅಂಟಿಸುವವರು ಕಿತ್ತೆಸೆಯುತ್ತಾರೆ. ಒಂದು ಕಂಬದಲ್ಲಂತೂ ಸತತ ಮೂರು ತಿಂಗಳು ಟ್ಯೂಬ್ ಮಾಯ. "ಇದು ಕ್ಯಾಮೆರಾ ಅಲ್ಲ" ಎಂದು ಚೀಟಿ ಅಂಟಿಸಿದ ಮೇಲೆ ಉಳಿಯಿತು.

ಇನ್ನು ಆ ಗಡಿಯ ಜಂಕ್ಷನ್. ರಸ್ತೆಯ ಈ ಪಕ್ಕ ನಮ್ಮದು, ಆ ಪಕ್ಕ ಅವರದು. ಎರಡೂ ಕಡೆ ಮನೆಗಳು, ಮೇಲೆ ಎತ್ತರದ ಕಟ್ಟಡಗಳು, ನಡುವೆ ಸಿಕ್ಕಿಬಿದ್ದ ಗಾಳಿ ಸುಲಭಕ್ಕೆ ಮೇಲೇಳುವುದಿಲ್ಲ. ಅಲ್ಲಿ ಅವರು ಅಳೆಯುತ್ತಾರೆಂದು ನಾವು, ನಾವು ಅಳೆಯುತ್ತೇವೆಂದು ಅವರು ಸುಮ್ಮನಿದ್ದೆವು. ಟ್ಯೂಬ್ ಕಟ್ಟಲು ಒಂದು ದೀಪದ ಕಂಬ ಬೇಕಾಗಿತ್ತು. ಕಂಬ ಯಾರದು ಅಂತ ಕಡತ ಹುಡುಕಿದರೆ ಇಬ್ಬರ ಪಟ್ಟಿಯಲ್ಲೂ ಇಲ್ಲ, ಬಲ್ಬ್ ಮಾತ್ರ ರಾತ್ರಿ ಉರಿಯುತ್ತಿತ್ತು. ಅನುಮತಿ ಪತ್ರ ಎರಡು ಕಚೇರಿ ಸುತ್ತಿ ವಾಪಸು ಬಂತು. ಕೊನೆಗೆ ಒಂದು ದಿನ ನಾವಿಬ್ಬರೂ ಏಣಿ ತೆಗೆದುಕೊಂಡು ಹೋಗಿ ಕಟ್ಟಿಬಿಟ್ಟೆವು. ವರ್ಷದ ಕೊನೆಗೆ ಮೂರೂ ಊರುಗಳಲ್ಲಿ ಅತಿ ಕೆಟ್ಟ ಅಂಕಿ ಬಂದದ್ದು ಆ ಕಂಬದ್ದೇ.

ಅಂಕಿ ಬಂದಾಗ ಮೂವರಿಗೂ ನೋವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಮಾರ್ಗಸೂಚಿಯನ್ನು ಘನ ಮೀಟರಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ, ಪಿಎಂ 2.5 ಅನ್ನುವ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳದನ್ನು 10ರಿಂದ 5ಕ್ಕೆ ಇಳಿಸಿತು. ಹಳೆಯ ಅಳತೆಗೋಲಿನಲ್ಲಿ ನಾವು ಪಾಸು, ಹೊಸದರಲ್ಲಿ ಮೂವರೂ ಫೇಲು. ಲೆಕ್ಕ ಪ್ರಕಟಿಸುವುದನ್ನು ಸ್ವಲ್ಪ ಮುಂದೂಡೋಣವೇ ಎಂದು ಒಬ್ಬ ಸದಸ್ಯರು ಕೇಳಿದರು. ಆಗ ನಮ್ಮ ಕೈ ಹಿಡಿದದ್ದು ಸಭೆಯಲ್ಲಿ ಬರೆದಿಟ್ಟ ಒಂದು ಸಾಲು: ಮೂರೂ ಊರಿನ ಅಂಕಿ ಒಂದೇ ದಿನ, ಒಂದೇ ಹಾಳೆಯಲ್ಲಿ ಹೊರಬೀಳಬೇಕು. ಒಬ್ಬರು ತಡೆದರೆ ಇನ್ನಿಬ್ಬರನ್ನೂ ತಡೆದಂತೆ. ಇದರ ಬಲ ಎಷ್ಟೆಂಬುದು ಬರೆಯುವಾಗ ನನಗೂ ತಿಳಿದಿರಲಿಲ್ಲ.

ಪಿಎಂ 2.5ರ ಕಥೆ ಬೇರೆ. ಅದು ಬರೀ ರಸ್ತೆಯ ಮಾತಲ್ಲ. ಕೂದಲೆಳೆಯ ದಪ್ಪದ ಸುಮಾರು ಮೂವತ್ತನೇ ಒಂದು ಪಾಲಿನಷ್ಟು ಅಥವಾ ಅದಕ್ಕೂ ಸಣ್ಣ ಕಣ ಗಾಳಿಯಲ್ಲಿ ದಿನಗಟ್ಟಲೆ ತೇಲುತ್ತದೆ, ನೂರಾರು ಕಿಲೋಮೀಟರ್ ಹೋಗುತ್ತದೆ. ಎಷ್ಟೋ ಕಣ ಯಾವ ಹೊಗೆಕೊಳವೆಯಿಂದಲೂ ಕಣವಾಗಿ ಹೊರಬಂದದ್ದಲ್ಲ. ಹೊಲದ ಗೊಬ್ಬರ, ಕೊಟ್ಟಿಗೆಯ ಸಗಣಿಯಿಂದ ಏಳುವ ಅಮೋನಿಯ, ವಾಹನಗಳ ನೈಟ್ರೋಜನ್ ಆಕ್ಸೈಡುಗಳಿಂದ ಆದ ಆಮ್ಲದ ಜೊತೆ ಗಾಳಿಯಲ್ಲೇ ಸೇರಿ ಅಮೋನಿಯಂ ನೈಟ್ರೇಟ್ ಕಣವಾಗುತ್ತದೆ. ನಮ್ಮಲ್ಲಿ ರಸ್ತೆ ಹೆಚ್ಚು, ಮೂರನೆಯ ಊರಿನ ಸುತ್ತ ಹೊಲ ಹೆಚ್ಚು. ಅವರೂರ ಮೇಲಿಂದ ಬೀಸುವ ಗಾಳಿ ನಮ್ಮೂರ ಹೊಗೆಯನ್ನು ಸೇರಿದಾಗ ಹುಟ್ಟಿದ ಕಣ ಯಾರ ಮಗು? ಗಾಳಿಯ ದಿಕ್ಕಿಗೆ ತಕ್ಕಂತೆ ಅಂಕಿಗಳನ್ನು ಬಿಡಿಸಿ ಚಿತ್ರ ಬರೆದು ತೋರಿಸಿದ ದಿನ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಇದೆಲ್ಲ ಆಗುವ ಮಾತಾ" ಅಂದವರಿಗೆ ನಾನು ಅಮೆರಿಕದ ಲಾಸ್ ಏಂಜಲೀಸಿನ ಉದಾಹರಣೆ ಕೊಡುತ್ತಿದ್ದೆ. ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯಂಥದ್ದು) 1947ರಲ್ಲೇ ವಾಯುಮಾಲಿನ್ಯ ನಿಯಂತ್ರಣ ಸಂಸ್ಥೆ ಕಟ್ಟಿಕೊಂಡಿತ್ತು. ಆದರೆ ಕಡಲ ಗಾಳಿ ಆ ಹೊಗೆಮಂಜನ್ನು ಪೂರ್ವದ ರಿವರ್‌ಸೈಡ್, ಸ್ಯಾನ್ ಬರ್ನಾಡಿನೊ ಕಡೆಗೆ ತಳ್ಳುತ್ತಿತ್ತು. 1977ರಲ್ಲಿ ನಾಲ್ಕು ಕೌಂಟಿಗಳ ಸಂಸ್ಥೆಗಳನ್ನು ಸೇರಿಸಿ ಗಾಳಿಯ ಗುಣಮಟ್ಟ ನೋಡಿಕೊಳ್ಳುವ ಒಂದೇ ಸಂಸ್ಥೆ ಮಾಡಬೇಕಾಯಿತು. ಬ್ರಿಟನ್ನಿನ ಗ್ರೇಟರ್ ಮ್ಯಾಂಚೆಸ್ಟರಿನ ಹತ್ತು ಕೌನ್ಸಿಲ್‌ಗಳು ಗಾಳಿಯ ಬಗ್ಗೆ ಜಂಟಿ ವರದಿ ಕೊಡುತ್ತವೆ. ಹತ್ತು ಊರಿಗೆ ಸಾಧ್ಯವಾದದ್ದು ಮೂರಕ್ಕೆ ಯಾಕಾಗದು ಅಂತ ಕೇಳಿದರೆ ಎದುರು ಮಾತು ಬರುತ್ತಿರಲಿಲ್ಲ.

ಒಪ್ಪಂದ ಒಂದೂವರೆ ಪುಟದ್ದು. ವಕೀಲರು ಕಳಿಸಿದ್ದು ನಲವತ್ತು ಪುಟ. ಅದನ್ನು ಯಾರೂ ಓದುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ನಾವೇ ಕೂತು ಬರೆದೆವು. ವಾಹನಗಳ ದಾರಿ ಬದಲಿಸುವ ಯಾವ ಆದೇಶವನ್ನಾದರೂ ಹೊರಡಿಸುವ ಮೊದಲು ಇನ್ನಿಬ್ಬರಿಗೆ ತಿಳಿಸಬೇಕು, ಅವರ ರಸ್ತೆಗಳಲ್ಲಿ ಮೊದಲೂ ಆಮೇಲೂ ವಾಹನ ಎಣಿಸಬೇಕು. ಉಪಕರಣ ನೋಡಿಕೊಳ್ಳಲು ಒಬ್ಬ ತಂತ್ರಜ್ಞ; ಸಂಬಳ ಒಂದು ಕಚೇರಿಯಿಂದ, ಖರ್ಚು ಮೂವರ ನಡುವೆ ಸಮಪಾಲು. ಈ ಸಮಪಾಲಿಗೆ ಬರಲು ಮಾತ್ರ ಐದು ಸಭೆ ಹಿಡಿಯಿತು. ಜನಸಂಖ್ಯೆಯ ಪ್ರಕಾರ ಹಂಚೋಣ ಅಂದರು ಚಿಕ್ಕ ಊರಿನವರು, ವಾಹನದ ಪ್ರಕಾರ ಅಂದರು ಇನ್ನೊಬ್ಬರು. ಹೆಚ್ಚು ದುಡ್ಡು ಕೊಟ್ಟವರಿಗೆ ಹೆಚ್ಚು ಮಾತು ಅನ್ನುವ ಭಾವನೆ ಬಂದರೆ ಎಲ್ಲ ಕೆಡುತ್ತದೆ ಅಂತ ನನಗೆ ಅನಿಸಿತ್ತು. ನಮ್ಮ ಲೆಕ್ಕಾಧಿಕಾರಿಗೆ ಈಗಲೂ ಇದು ಸರಿಬಂದಿಲ್ಲ.

ಮೂವರೂ ಸೇರಿದ್ದರಿಂದ ಆದ ಕೆಲಸಗಳಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಬಸ್ಸಿನದು. ಹಳೆಯ ಎಂಜಿನ್ನಿನ ಬಸ್ಸುಗಳನ್ನು ಆ ಜಂಕ್ಷನ್ ದಾಟುವ ಮಾರ್ಗಗಳಿಂದ ತೆಗೆಯಿರಿ ಎಂದು ನಾವೊಬ್ಬರೇ ಕೇಳಿದಾಗ ಬಸ್ ಕಂಪನಿಯವರು ಚಹಾ ಕುಡಿಸಿ ಕಳಿಸಿದ್ದರು. ಮೂರು ಊರು ಒಂದೇ ಷರತ್ತನ್ನು ತಂತಮ್ಮ ಗುತ್ತಿಗೆಯಲ್ಲಿ ಬರೆದ ಮೇಲೆ ಅವರೇ ಹುಡುಕಿಕೊಂಡು ಬಂದರು. ಕಟ್ಟಡ ಕೆಲಸದ ಧೂಳಿಗೂ ಹಾಗೆಯೇ: ಲಾರಿಗೆ ಟಾರ್ಪಾಲು, ಹೊರಹೋಗುವ ಚಕ್ರ ತೊಳೆಯುವುದು, ಒಡೆಯುವಾಗ ನೀರು ಚಿಮುಕಿಸುವುದು. ಮೂರು ಕಡೆ ಒಂದೇ ನಿಯಮವಾದ ಮೇಲೆ "ಪಕ್ಕದೂರಲ್ಲಿ ಇದೆಲ್ಲ ಕೇಳೋದಿಲ್ಲ" ಎಂಬ ಮಾತು ನಿಂತಿತು. ಲಾರಿಗಳ ಸಮಯವನ್ನು ಶಾಲೆಯ ಗಂಟೆ ತಪ್ಪಿಸಿ ಒಟ್ಟಿಗೆ ನಿಗದಿ ಮಾಡಿದೆವು. ನಮ್ಮ ಮುಖ್ಯರಸ್ತೆಗೆ ಕೆಲವು ಲಾರಿ ಮರಳಿ ಬಂದವು. ಅಧ್ಯಕ್ಷರಿಗೆ ಅದನ್ನು ಹೇಳಿದ ಸಂಜೆ ನನಗೆ ಮರೆಯುವಂಥದ್ದಲ್ಲ.

ಕಸ ಸುಡುವುದನ್ನು ತಡೆಯಲು ಮೂರು ಊರಿಗೂ ಒಂದೇ ದೂರವಾಣಿ ಸಂಖ್ಯೆ ಮಾಡಿದೆವು. ಓಡಿಹೋಗಿ ನೋಡುವ ಸಿಬ್ಬಂದಿ ಇರಲಿಲ್ಲ. ನೆಲಕಚ್ಚಿತು.

ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಎರಡನೇ ವರ್ಷ ಅಗ್ಗದ ಪಿಎಂ ಸೆನ್ಸರುಗಳನ್ನು ತಂದು ಶಾಲೆಗಳ ಗೋಡೆಗೆ ಹಾಕಿಸಿದೆ, ಅಂಕಿ ನೇರವಾಗಿ ಪರದೆಯ ಮೇಲೆ ಕಾಣುವಂತೆ. ಈ ಸೆನ್ಸರುಗಳು ಬೆಳಕು ಕಣಕ್ಕೆ ತಾಗಿ ಚದುರುವುದನ್ನು ಅಳೆಯುತ್ತವೆ. ತೇವ ಹೆಚ್ಚಾದರೆ ಕಣ ನೀರು ಹೀರಿ ಊದಿಕೊಳ್ಳುತ್ತದೆ, ಬೆಳಕು ಹೆಚ್ಚು ಚದುರುತ್ತದೆ, ಅಂಕಿ ಏರುತ್ತದೆ. ಒಂದು ಮಂಜಿನ ಬೆಳಿಗ್ಗೆ ಎಲ್ಲ ಪರದೆಗಳೂ ಕೆಂಪಾದವು. ಪೋಷಕರು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು, ಮೂರು ಕಚೇರಿಯ ಫೋನುಗಳಿಗೂ ಬಿಡುವಿಲ್ಲ. ನಮ್ಮ ಪಿಎಂ ಅನಲೈಸರ್ ಆಗ ಸಾಧಾರಣ ಮಟ್ಟ ತೋರಿಸುತ್ತಿತ್ತು. ಒಳಗೆ ಬರುವ ಗಾಳಿಯನ್ನು ಒಣಗಿಸಿ ಅಳೆಯುವ ಯಂತ್ರಕ್ಕೂ ಒಣಗಿಸದ ಡಬ್ಬಿಗೂ ಇರುವ ಈ ವ್ಯತ್ಯಾಸ ನನಗೆ ಗೊತ್ತಿತ್ತು. ಆದರೂ ಅವನ್ನು ಮೊದಲು ಅನಲೈಸರಿನ ಪಕ್ಕ ಕೆಲವು ತಿಂಗಳು ಇಟ್ಟು ನೋಡುವಷ್ಟು ತಾಳ್ಮೆ ಇರಲಿಲ್ಲ. ಸೆನ್ಸರುಗಳನ್ನು ಕಿತ್ತು, ಪಕ್ಕಪಕ್ಕ ಇಟ್ಟು, ತೇವಕ್ಕೆ ತಿದ್ದುಪಡಿ ಮಾಡಿ ಮತ್ತೆ ಹಾಕಲು ಏಳು ತಿಂಗಳು ಬೇಕಾಯಿತು.

ಮೂರನೇ ವರ್ಷ ಎಲ್ಲ ಕಡೆ ಅಂಕಿ ಚೆನ್ನಾಗಿ ಇಳಿಯಿತು. ಪ್ರಕಟಣೆಯ ಕರಡು ಸಿದ್ಧವಾಗಿತ್ತು. ಪಕ್ಕದೂರಿನ ಆ ಅಧಿಕಾರಿ ಅದನ್ನು ತಡೆದರು. "ಯಾವ ರಸ್ತೆಯೂ ಹತ್ತಿರ ಇಲ್ಲದ ನಮ್ಮ ಹಿನ್ನೆಲೆ ಕೇಂದ್ರದಲ್ಲೂ ಇಳಿದಿದೆಯಲ್ಲ ಸರ್, ಅಲ್ಲಿ ನಾವೇನು ಮಾಡಿದ್ದೇವೆ?" ನಿಜವೇ. ಆ ವರ್ಷ ಗಾಳಿ ಜೋರು, ಮಳೆಯೂ ಚೆನ್ನಾಗಿ ಬಂದಿತ್ತು. ಹಿನ್ನೆಲೆಯ ಇಳಿಕೆಯನ್ನು ಕಳೆದ ಮೇಲೆ ನಮ್ಮ ಕೆಲಸದ ಪಾಲು ಅಂತ ಉಳಿದದ್ದು ಸ್ವಲ್ಪ. ಜಂಕ್ಷನ್ನಿನಲ್ಲಿ ಸ್ಪಷ್ಟವಾಗಿ, ಶಾಲೆಯ ರಸ್ತೆಯಲ್ಲಿ ಸ್ವಲ್ಪ, ಮಿಕ್ಕ ಕಡೆ ಹೇಳಿಕೊಳ್ಳುವಂಥದ್ದಲ್ಲ. ಅದನ್ನೇ ಪ್ರಕಟಿಸಿದೆವು. ಫೋಟೊ ತೆಗೆಯಲು ಯಾರೂ ಬರಲಿಲ್ಲ.

ಈಗ ನಾಲ್ಕನೆಯ ಊರಿನವರು ಸೇರುತ್ತೇವೆ ಅನ್ನುತ್ತಿದ್ದಾರೆ. ಖರ್ಚಿನ ಪಾಲು ಮತ್ತೆ ಹೊಸದಾಗಿ ಮಾತಾಡಬೇಕು. ಅಮೋನಿಯದ ಬಗ್ಗೆ ರೈತರ ಜೊತೆ ಕೂರುವುದು ಇನ್ನೂ ಬಾಕಿ. ನಗರಸಭೆಯವರ ಮಾತು ಹೊಲದಲ್ಲಿ ನಡೆಯುವುದಿಲ್ಲ, ಬೇರೆ ದಾರಿ ಹುಡುಕಬೇಕು. ಬುಧವಾರ ಟ್ಯೂಬ್ ಬದಲಿಸುವ ದಿನ. ಆ ಕಂಬ ಇವತ್ತಿಗೂ ಯಾರ ಪಟ್ಟಿಗೂ ಸೇರಿಲ್ಲ. ಕಳೆದ ತಿಂಗಳು ಬಲ್ಬ್ ಕೆಟ್ಟಿತ್ತು, ಸಂಜೆ ಏಣಿ ಹತ್ತುವುದು ಕಷ್ಟವಾಯಿತು. ದುರಸ್ತಿಗೆ ಎರಡೂ ಕಚೇರಿಗೆ ಬರೆದಿದ್ದೇವೆ.