ಬೆಳಗ್ಗೆ 8ರ ಕಾರ್ಟಿಸೋಲ್, ಗೋಣಿಕೊಪ್ಪದಿಂದ ಮೈಸೂರಿಗೆ: ನನ್ನ ಅನುಭವ

ಕೊಡಗಿನ ಗೋಣಿಕೊಪ್ಪದಲ್ಲಿ ಕೂತು ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್, ಬೆಳಗ್ಗೆ ಜಾಸ್ತಿ ಇರುತ್ತದೆ), ಎಸಿಟಿಎಚ್ (ಅದನ್ನು ಹೊರಡಿಸುವ, ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಹಾರ್ಮೋನ್) ಮಾಡಿಸೋದು ಆಗದ ಮಾತು ಅಂತ, ರಕ್ತ ತೆಗೆದು ಲ್ಯಾಬಿಗೆ ಕಳಿಸುವ ನಮ್ಮ ಕಸುಬಿನವರೇ ನಗುತ್ತಿದ್ದರು. ಈಗ ಮೈಸೂರಿನ ಲ್ಯಾಬಿನಿಂದ ನನ್ನ ಸ್ಯಾಂಪಲ್ ತಿರಸ್ಕಾರ ಆಗಿ ಬರುವುದು ಬಹಳ ಅಪರೂಪ. ಅದಕ್ಕೇ ಬರೆಯುತ್ತಿದ್ದೇನೆ. ರಕ್ತ ತೆಗೆಯುವುದು, ಯಾವ ಪರೀಕ್ಷೆಗೆ ಯಾವ ಟ್ಯೂಬ್ ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅದಕ್ಕೆ ಹೋಗುವುದಿಲ್ಲ.

ಮೊದಲು ಬಂದಿದ್ದು ಪ್ಯಾಕೇಜ್‌ಗಳು. 'ಅಡ್ರಿನಲ್ ಫಟೀಗ್' ಅಂತ ಹೆಸರು, ಅಂದರೆ ಅಡ್ರಿನಲ್ ಗ್ರಂಥಿ ದಣಿದಿದೆಯಂತೆ, ದಿನಕ್ಕೆ ನಾಲ್ಕು ಸಲ ಎಂಜಲು ಹಿಡಿಯಬೇಕು, ಆರೇಳು ಸಾವಿರ ರೂಪಾಯಿ. ನನಗೂ ಕಮಿಷನ್ ಚೆನ್ನಾಗಿಯೇ ಸಿಗುತ್ತಿತ್ತು. ಆದರೆ ಎಲೆ ಅಡಿಕೆ ಹಾಕುವವರ ಎಂಜಲಲ್ಲಿ ಅಳೆಯುವುದಾದರೂ ಏನು? ವಸಡಿನ ರಕ್ತ ಒಂಚೂರು ಸೇರಿದರೂ ಕಾರ್ಟಿಸೋಲ್ ಸುಮ್ನೆ ಏರಿ ಕೂರುತ್ತದೆ. ಈ ಹೆಸರು ಹುಟ್ಟಿದ್ದೇ 1998ರಲ್ಲಿ. 2016ರಲ್ಲಿ ಬ್ರೆಜಿಲ್‌ನ ಇಬ್ಬರು 58 ಅಧ್ಯಯನ ಜಾಲಾಡಿ, ಅಂಥ ಕಾಯಿಲೆ ಇದೆ ಅನ್ನಲು ಆಧಾರ ಇಲ್ಲ ಅಂದರು. ಸರಿ, ಕಾಯಿಲೆ ಇಲ್ಲ. ಸುಸ್ತು ಇದೆಯಲ್ಲ? ಸುಸ್ತು ಅಂತ ಬಂದವರನ್ನು 'ಏನಿಲ್ಲ ಹೋಗಿ' ಅಂತ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡೆ. ಸೂಜಿ ಚುಚ್ಚುವ ಮೊದಲು ಕೇಳುತ್ತೇನೆ. ಗಂಟು ನೋವಿಗೆ, ದಮ್ಮಿಗೆ ಮಾತ್ರೆ ಎಷ್ಟು ತಿಂಗಳಿಂದ? ಹೆಸರಿಲ್ಲದ ಪುಡಿ ತಗೊಂಡಿದ್ದೀರಾ? ಬೆಳ್ಳಗಾಗುವ ಕ್ರೀಮ್? ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ, ಆಮೇಲೆ ಎದೆಹಾಲು ಬಂತಾ, ಮುಟ್ಟು ಮತ್ತೆ ಶುರುವಾಯಿತಾ? ಟಿಬಿ ಆಗಿತ್ತಾ? ಹಾವು ಕಚ್ಚಿತ್ತಾ? ಕೂದಲಿಗೆ ಬಯೋಟಿನ್ ವಿಟಮಿನ್ ನುಂಗುತ್ತೀರಾ? ಗರ್ಭನಿರೋಧಕ ಮಾತ್ರೆ? ಇವೆಲ್ಲ ಹಾರ್ಮೋನನ್ನೋ, ಪರೀಕ್ಷೆಯ ನಂಬರನ್ನೋ ಏರುಪೇರು ಮಾಡಬಹುದಾದ ಸಂಗತಿಗಳು.

ನಮ್ಮಲ್ಲಿ ಜಾಸ್ತಿ ಸಿಕ್ಕಿದ್ದು ಇಂಥ ಮಾತ್ರೆ, ಪುಡಿ, ಕ್ರೀಮಿನೊಳಗಿನ ಸ್ಟೀರಾಯ್ಡ್. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ದೇಹ ತನ್ನ ಕಾರ್ಟಿಸೋಲ್ ಮಾಡುವುದು ಬಿಡುತ್ತದೆ. ಆಮೇಲೆ ಮಾತ್ರೆ ದಿಢೀರ್ ನಿಲ್ಲಿಸಿದರೆ ಮನುಷ್ಯ ಬಿದ್ದೇ ಹೋಗುತ್ತಾನೆ. ಅದಕ್ಕೇ ನಿಲ್ಲಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ತಿನ್ನುತ್ತಿದ್ದರೆ ಮಷೀನು ಅದನ್ನೇ ಕಾರ್ಟಿಸೋಲ್ ಅಂದುಕೊಂಡು ಒಳ್ಳೆ ನಂಬರ್ ಕೊಡುತ್ತದೆ, ಅದೂ ನೆನಪಿರಲಿ. ಪುಡಿಯ ವಿಷಯವನ್ನು ಯಾರೂ ನೇರವಾಗಿ ಬಾಯಿ ಬಿಡುವುದಿಲ್ಲ. ಅದನ್ನು ಹೇಳಿಸುವ ನನ್ನ ಒಂದು ಮಾತಿದೆ. ಅದನ್ನು ಇಲ್ಲಿ ಹಾಕಿದರೆ ನಾಳೆಯಿಂದ ಕೆಲಸ ಮಾಡಲ್ಲ, ಬಿಡಿ.

ಹಾವಿನ ಪ್ರಶ್ನೆಗೆ ಎಲ್ಲರೂ ನಕ್ಕರು. ಸುಸ್ತಿಗೂ ಹಾವಿಗೂ ಏನು ಸಂಬಂಧ ಅಂತ ಒಬ್ಬ ಡಾಕ್ಟರೇ ಕೇಳಿದರು. ಆಮೇಲೆ ಪೊನ್ನಂಪೇಟೆ ಕಡೆಯ ರೋಬಸ್ಟಾ ಬೆಳೆಗಾರರೊಬ್ಬರು ಬಂದರು. ನಲವತ್ತರ ಆಸುಪಾಸು. ಎರಡು ವರ್ಷದಿಂದ ಅಶ್ವಗಂಧ, ಟಾನಿಕ್, ಎಂಜಲು ಪ್ಯಾಕೇಜ್, ಎಲ್ಲ ಸೇರಿ ಲಕ್ಷದ ಹತ್ತಿರ ಖರ್ಚು. ಟಿಎಸ್‌ಎಚ್ (ಥೈರಾಯ್ಡನ್ನು ನಡೆಸುವ ಪಿಟ್ಯೂಟರಿಯ ಹಾರ್ಮೋನ್) ನಾರ್ಮಲ್, ಹಾಗಾಗಿ ಥೈರಾಯ್ಡ್ ಅಲ್ಲ ಅಂತ ಫೈಲು ಮುಚ್ಚಿದ್ದರು. ಹಾಳೆ ಹಿಡಿದು ಕೇಳಿದಾಗ ಗೊತ್ತಾಯಿತು, ಕಳೆ ತೆಗೆಯುವಾಗ ಕೊಳಕುಮಂಡಲ ಕಚ್ಚಿ, ಕಿಡ್ನಿ ಕೆಟ್ಟು, ಡಯಾಲಿಸಿಸ್ ಆಗಿ ಬದುಕಿದವರು. ಆಮೇಲೆ ನಿಧಾನವಾಗಿ ಕಂಕುಳ ಕೂದಲು ಉದುರಿದೆ, ಗಡ್ಡ ವಾರಕ್ಕೊಮ್ಮೆ ಕೆರೆದರೆ ಸಾಕು. ಬಿಪಿ ಕಡಿಮೆ.

8 ಗಂಟೆಯ ಕಾರ್ಟಿಸೋಲ್ ಸುಮಾರು 2 (ಮೈಕ್ರೋಗ್ರಾಂ/ಡೆಸಿಲೀಟರ್) ಬಂತು. 3ಕ್ಕಿಂತ ಕೆಳಗೆ ಅಂದರೆ ದೇಹಕ್ಕೆ ಕಾರ್ಟಿಸೋಲ್ ಸಾಲುತ್ತಿಲ್ಲ ಅಂತ, ನಿಮಗೆ ಗೊತ್ತಲ್ಲ. ಸೋಡಿಯಂ ಕಡಿಮೆ, 120ರ ಮೇಲೆ ಎಲ್ಲೋ ಇತ್ತು. ಪೊಟ್ಯಾಸಿಯಂ ಸರಿಯಾಗಿಯೇ ಇತ್ತು, ಅಂಗೈ ಗೆರೆ, ವಸಡು ಕಪ್ಪಾಗಿರಲಿಲ್ಲ. ಅಂದರೆ ಆಡಿಸನ್ (ಅಡ್ರಿನಲ್ ಗ್ರಂಥಿಯೇ ಕೆಟ್ಟು, ಪೊಟ್ಯಾಸಿಯಂ ಏರಿ, ಮೈ ಕಪ್ಪಾಗುವ ಕಾಯಿಲೆ) ಅಲ್ಲ, ಕೆಟ್ಟಿರುವುದು ಮೇಲೆ, ಪಿಟ್ಯೂಟರಿಯಲ್ಲಿ. ಪಿಟ್ಯೂಟರಿಯೇ ಸತ್ತರೆ ಟಿಎಸ್‌ಎಚ್ ನೋಡಿ ಥೈರಾಯ್ಡ್ ಸರಿ ಇದೆ ಅನ್ನುವ ಹಾಗೇ ಇಲ್ಲ. ಎಫ್‌ಟಿ4 (ಥೈರಾಯ್ಡಿನದೇ ಹಾರ್ಮೋನ್) ನೆಲ ಕಚ್ಚಿತ್ತು. ಈ ಹಾವಿನ ವಿಷ ಪಿಟ್ಯೂಟರಿಯನ್ನು ಹಾಳು ಮಾಡಿ, ವರ್ಷಗಳ ನಂತರ ಹೀಗೆ ತೋರಿಸಿಕೊಳ್ಳುವುದು ದಕ್ಷಿಣ ಭಾರತದ, ಬರ್ಮಾದ ಡಾಕ್ಟರುಗಳು ಹಿಂದಿನಿಂದಲೂ ಬರೆದಿರುವ ವಿಷಯ. ನಾನೇನು ಕಂಡುಹಿಡಿದಿದ್ದಲ್ಲ, ಓದಿದ್ದೆ ಅಷ್ಟೇ. ಆದರೆ ಕೇಳಿದವನು ನಾನು!

ಮೈಸೂರಿನ ಹಾರ್ಮೋನ್ ಡಾಕ್ಟರು ಎಂಆರ್‌ಐ ಮಾಡಿಸಿ, ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಯ್ಡ್ ಮಾತ್ರೆ ಕೊಟ್ಟರು. ಈ ಕ್ರಮ ತಿರುಗಿಸಿದರೆ ಪ್ರಾಣಕ್ಕೇ ಬರಬಹುದು. ಜ್ವರ ಬಂದರೆ ಡೋಸ್ ಏರಿಸಬೇಕು ಅಂತ ಕಾರ್ಡ್ ಬರೆದುಕೊಟ್ಟಿದ್ದಾರೆ, ಅದು ಬೆಳೆಗಾರರ ಜೇಬಲ್ಲೇ ಇರುತ್ತದೆ. ಹೋದ ಸೀಸನ್‌ನಲ್ಲಿ ಕಾಫಿ ಕುಯ್ಲಿಗೆ ಅವರೇ ನಿಂತು ಮೂಟೆ ಎಣಿಸಿದರು.

ಇನ್ನು ಸಾಗಿಸುವ ತಾಪತ್ರಯ. ಕಾರ್ಟಿಸೋಲ್ ಗಟ್ಟಿ ಆಸಾಮಿ, ಹೇಗೋ ಹೋಗಿ ಮುಟ್ಟುತ್ತದೆ. ಎಸಿಟಿಎಚ್ ಹಾಗಲ್ಲ. ತಣ್ಣಗಿನ ಇಡಿಟಿಎ (ರಕ್ತ ಹೆಪ್ಪುಗಟ್ಟದ) ಟ್ಯೂಬ್, ಐಸ್, ಕೂಡಲೇ ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿ ಪ್ಲಾಸ್ಮಾ (ಕಣ ಬಿಟ್ಟ ರಕ್ತದ ನೀರು) ಬೇರೆ ಮಾಡಿ ಫ್ರೀಜ್ ಮಾಡಬೇಕು. ಜುಲೈಯಲ್ಲಿ ನಮ್ಮ ಕರೆಂಟ್ ಕಥೆ ಹೇಳಬೇಕಾ? ಮೊದಲ ಮಳೆಗಾಲದ ಸ್ಯಾಂಪಲ್ ಅರ್ಧಕ್ಕರ್ಧ ಹೋದವು. ತಿತಿಮತಿ ಕಾಡಿನ ರಸ್ತೆಯಲ್ಲಿ ಮರ ಬಿದ್ದು ಗಾಡಿ ನಿಂತು, ಐಸ್ ನೀರಾಗಿ, ದುಡ್ಡು ವಾಪಸ್ ಕೊಟ್ಟಿದ್ದೂ ಇದೆ. ಇನ್ವರ್ಟರ್, ಹಳೇ ಸೆಂಟ್ರಿಫ್ಯೂಜ್, ಚಿಕ್ಕ ಡೀಪ್ ಫ್ರೀಜರ್ ಸೇರಿ ಎಂಬತ್ತು ತೊಂಬತ್ತು ಸಾವಿರ ಆಯಿತು. ಐಸ್ ಮೈಸೂರಿನವರೆಗೆ ಉಳಿಯುವುದಕ್ಕೆ ಡಬ್ಬದೊಳಗೆ ನಾನು ಏನು ತುಂಬುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಪೊಟ್ಯಾಸಿಯಂ ಟ್ಯೂಬನ್ನು, ರಕ್ತಕಣ ಬೇರೆ ಮಾಡದೆ, ಅದೇ ಐಸಿಗೆ ಹಾಕಬೇಡಿ. ತಣ್ಣಗಾದರೆ ಪೊಟ್ಯಾಸಿಯಂ ಕಣದಿಂದ ಹೊರಗೆ ಬಂದು ಸುಳ್ಳು ಏರಿಕೆ ತೋರಿಸುತ್ತದೆ. ಜೀಪಿನಲ್ಲಿ ಕುಲುಕಿ ಕಣ ಒಡೆದರೂ ಅಷ್ಟೇ. ಸೋಮವಾರಪೇಟೆಯಿಂದ ಹಾಗೆ ಬಂದ ಒಂದು ರಿಪೋರ್ಟ್ ನೋಡಿ ಆಡಿಸನ್ ಅಂತ ಒಂದು ಮನೆಯವರೆಲ್ಲ ಅತ್ತಿದ್ದರು. ಮತ್ತೆ ತೆಗೆದರೆ ಏನೂ ಇಲ್ಲ.

ಹುಡುಗಾಟಕ್ಕೆ ನನ್ನ ಮೇಲೂ ಒಂದು ಪ್ರಯೋಗ ಮಾಡಿದೆ. ಗದ್ದೆಗೆ ಆನೆ ಬರುವ ಕಾಲದಲ್ಲಿ ಒಂದು ವಾರ ಸ್ನೇಹಿತನ ಜೊತೆ ರಾತ್ರಿ ಕಾವಲು ಕೂತೆ. ಮಾಮೂಲಿ ದಿನ 14ರ ಹತ್ತಿರ ಇದ್ದ ನನ್ನ ಬೆಳಗಿನ ಕಾರ್ಟಿಸೋಲ್ 8-9ಕ್ಕೆ ಇಳಿದಿತ್ತು, ಸಂಜೆಯದು ಏರಿತ್ತು. ಒಬ್ಬನ ಲೆಕ್ಕ, ಸಾಬೀತು ಅಂತ ಹೇಳಲ್ಲ. ಆದರೆ ಅವತ್ತಿನಿಂದ ಕಾವಲಿನವರಿಗೆ 8 ಗಂಟೆ ಅಂತ ಹಟ ಮಾಡುವುದಿಲ್ಲ. ಎದ್ದ ಹೊತ್ತು ಫಾರಂ ಮೇಲೆ ಬರೆಯುತ್ತೇನೆ. ಮಳೆಗಾಲದ ಕೆಮ್ಮಿಗೆ ಜೇಷ್ಠಮಧು ಕಷಾಯ ದಿನಾ ಕುಡಿಯುವವರದ್ದೂ ಬರೆಯುತ್ತೇನೆ. ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಕಾರ್ಟಿಸೋಲ್ ಒಂದರಲ್ಲಿ ನನಗೆ ಉಳಿಯುವುದು ನೂರರ ಆಸುಪಾಸು. ಪ್ಯಾಕೇಜ್ ಕಮಿಷನ್‌ಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಅಂದು ನಕ್ಕ ಡಾಕ್ಟರು ಈಗ ಚೀಟಿಯ ಮೇಲೆ 'ಹಾಳೆ ತುಂಬಿಸಿ ಕಳಿಸಿ' ಅಂತ ಬರೆಯುತ್ತಾರೆ. ಹಾಳೆಯ ಪ್ರತಿ ಬೇಕಾದವರು ಅಂಗಡಿಗೆ ಬನ್ನಿ, ಜೆರಾಕ್ಸ್ ಕೊಡುತ್ತೇನೆ. ಭಾನುವಾರ ಬೇಡ.