ಬೇಬಿ ಕಾರ್ನ್‌ಗೆ ಯೂರಿಯಾ ಯಾವಾಗ ಕೊಡಬೇಕು: ನನ್ನ ಅನುಭವ

ನಮ್ಮದು ಚಿಕ್ಕಬಳ್ಳಾಪುರ ಕಡೆಯ ಕೆಂಪು ಮಣ್ಣಿನ ಹೊಲ. ಬೋರ್‌ವೆಲ್ ನೀರಿದೆ, ಕೊಟ್ಟಿಗೆಯಲ್ಲಿ ಸೀಮೆ ಹಸುಗಳಿವೆ. ಇಂಥ ಮನೆಗೆ ಬೇಬಿ ಕಾರ್ನ್, ಅಂದರೆ ಕಾಳು ಕಟ್ಟುವ ಮೊದಲೇ ಎಳೆ ತೆನೆ ಕೀಳುವ ಮುಸುಕಿನ ಜೋಳ, ಹೇಳಿ ಮಾಡಿಸಿದ ಬೆಳೆ. ಸುಮಾರು ಎರಡು ತಿಂಗಳಲ್ಲಿ ಎಲ್ಲಾ ಮುಗಿಯುತ್ತದೆ, ತೆನೆ ಮಾರುಕಟ್ಟೆಗೆ, ಹಸಿ ದಂಟು ಹಸುಗಳಿಗೆ. ಆದರೆ ಸುಮಾರು ಜನ ಇದನ್ನೂ ಕಾಳಿನ ಮುಸುಕಿನ ಜೋಳದ ಹಾಗೆಯೇ ಬೆಳೆಯುತ್ತಾರೆ. ಬಿತ್ತುವಾಗ ಒಂದಷ್ಟು ಗೊಬ್ಬರ, ಮೊಣಕಾಲೆತ್ತರಕ್ಕೆ ಬಂದಾಗ ಒಂದು ಸಲ ಯೂರಿಯಾ, ಅಷ್ಟೇ. ನಾನು ಹಾಗೆ ಮಾಡುವುದಿಲ್ಲ.

ಹೆಕ್ಟೇರಿಗೆ ಸಾರಜನಕ 150, ರಂಜಕ 60, ಪೊಟ್ಯಾಷ್ 60 ಕೆಜಿ ಲೆಕ್ಕ ಹಿಡಿಯುತ್ತೇನೆ. ಎಕರೆಗೆ ಇಳಿಸಿದರೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಒಂದು ಮೂಟೆ, ಅಂಗಡಿಯ ಪೊಟ್ಯಾಷ್ ಗೊಬ್ಬರ (ಎಂಒಪಿ) 40 ಕೆಜಿ, ಯೂರಿಯಾ ಎರಡೂವರೆ ಮೂಟೆ ಆಗುತ್ತದೆ. ಇದರ ಜೊತೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಜಿಂಕ್ ಸಲ್ಫೇಟ್ 10 ಕೆಜಿ ಹಾಕುತ್ತೇನೆ, ಆದರೆ ಡಿಎಪಿ ಜೊತೆ ಕಲಸುವುದಿಲ್ಲ, ಕಲಸಿದರೆ ಎರಡೂ ಕಟ್ಟಿಕೊಂಡು ಗಿಡಕ್ಕೆ ಸಿಗದೆ ಹೋಗುತ್ತವೆ.

ಇವೆಲ್ಲ ಬಿತ್ತುವಾಗಲೇ ಮಣ್ಣಿಗೆ ಸೇರುತ್ತವೆ, ಯೂರಿಯಾ ವಿಷಯ ಬೇರೆ. ಡಿಎಪಿಯಲ್ಲೇ ಸ್ವಲ್ಪ ಸಾರಜನಕ ಇರುತ್ತದೆ, ಮೊಳಕೆಗೆ ಅದು ಸಾಕು. ಉಳಿದದ್ದನ್ನು ನಾಲ್ಕು ಎಲೆ ಬಂದಾಗ, ಎಂಟು ಎಲೆ ಬಂದಾಗ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಕೀಳುವ ಮುಂಚೆ, ಕಿತ್ತ ಮೇಲೆ, ಹೀಗೆ ನಾಲ್ಕು ಕಂತು ಮಾಡುತ್ತೇನೆ. ನಮ್ಮ ಮಣ್ಣು ಹಗುರ, ಒಂದೇ ಸಲ ಸುರಿದರೆ ಅರ್ಧ ನೀರಿನ ಜೊತೆ ಇಳಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಈ ಬೆಳೆಯಲ್ಲಿ ಒಂದು ಗಿಡದಿಂದ ಎರಡು ಮೂರು ತೆನೆ ಕೀಳಬೇಕು, ಮೊದಲನೆಯದು ಕಿತ್ತ ಮೇಲೂ ಗಿಡ ಹಸಿರಾಗಿದ್ದು ಕೆಳಗಿನ ತೆನೆಗಳನ್ನು ತುಂಬಬೇಕು, ಅಲ್ವಾ? ಕೊನೆಯ ಕಂತು ತಪ್ಪಿದರೆ ಅವು ಸಣಕಲಾಗುತ್ತವೆ. ಎಂಟು ಎಲೆಯ ಹೊತ್ತಿಗೆ ಯೂರಿಯಾ ಹಾಕಿ ಬುಡಕ್ಕೆ ಮಣ್ಣು ಏರಿಸಿದರೆ ಗೊಬ್ಬರವೂ ಮುಚ್ಚುತ್ತದೆ, ಗಾಳಿಗೆ ಗಿಡವೂ ಬೀಳುವುದಿಲ್ಲ.

ಸಾಲಿನ ನಡುವೆ ಒಂದೂವರೆ ಅಡಿ, ಗಿಡಗಳ ನಡುವೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಬಿಡುತ್ತೇನೆ. ಇದಕ್ಕಿಂತ ದಟ್ಟ ಮಾಡಿದರೆ ಮೇವು ಜಾಸ್ತಿ ಬರುತ್ತದೆ, ತೆನೆ ಬಡವಾಗುತ್ತದೆ.

ಸುಳಿ ತಿನ್ನುವ ಸೈನಿಕ ಹುಳು (ಫಾಲ್ ಆರ್ಮಿವರ್ಮ್) 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಶಿವಮೊಗ್ಗದಲ್ಲಿ ಕಾಣಿಸಿತು, ಆಮೇಲೆ ಅದರ ಕಾಟ ತಪ್ಪಿಲ್ಲ. ಗಿಡ ಚಿಕ್ಕದಿದ್ದಾಗ ದಿನಾ ಬೆಳಿಗ್ಗೆ ಸುಳಿ ಬಿಡಿಸಿ ನೋಡುತ್ತೇನೆ. ಔಷಧಿ ಹೊಡೆಯಬೇಕಾದರೆ ಆಗಲೇ ಹೊಡೆದು ಮುಗಿಸುತ್ತೇನೆ. ತೆನೆ ಮೂಡಿದ ಮೇಲೆ ಮುಟ್ಟುವುದಿಲ್ಲ, ಯಾಕೆಂದರೆ ತೆನೆ ಜನ ತಿನ್ನುತ್ತಾರೆ, ದಂಟು ಹಸು ತಿನ್ನುತ್ತದೆ.

ಸೂಲಂಗಿ ಹೊರಗೆ ಇಣುಕಿದ ತಕ್ಷಣ, ಎಲೆ ಹರಿಯದ ಹಾಗೆ ಕೀಳಬೇಕು. ಪರಾಗ ಬಿದ್ದರೆ ಕಾಳು ಕಟ್ಟುತ್ತದೆ, ತೆನೆ ಗಡುಸಾಗುತ್ತದೆ. ತೆನೆಯ ಕೂದಲು ಎರಡು ಮೂರು ಸೆಂಟಿಮೀಟರ್ ಬಂದಾಗ ಕೊಯ್ಯುತ್ತೇನೆ, ಆ ವಾರ ದಿನ ಬಿಟ್ಟು ದಿನ ಹೊಲಕ್ಕೆ ಇಳಿಯಲೇಬೇಕು. ಕೊನೆಯ ಕೊಯ್ಲು ಆದ ಕೂಡಲೇ ದಂಟು ಹಸಿರಿದ್ದಾಗಲೇ ಕಡಿದು, ಕತ್ತರಿಸಿ ಹಸುಗಳಿಗೆ ಹಾಕುತ್ತೇನೆ, ಮಿಕ್ಕಿದ್ದನ್ನು ರಸಮೇವು (ಗಾಳಿಯಾಡದಂತೆ ಒತ್ತಿ ಹುದುಗಿಸಿಟ್ಟ ಹಸಿ ಮೇವು) ಮಾಡಿ ಇಡುತ್ತೇನೆ.