ಯೂರಿಯಾ ಹಾಕುವ ಮುಂಚೆ ಶೇಂಗಾ ಬೇರಿನ ಗಂಟು ಸೀಳಿ ನೋಡಿ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮುಂಗಾರು ಶೇಂಗಾದ ಎಲೆ ಚೂರು ಬಿಳಿಚಿಕೊಂಡರೆ ಸಾಕು, ಸಾರಜನಕ ಕೊಡುವ ಯೂರಿಯಾ ಚೀಲ ಹೊಲಕ್ಕೆ ಬಂದುಬಿಡುತ್ತದೆ. ದಯವಿಟ್ಟು ಅದಕ್ಕೂ ಮುಂಚೆ ಒಮ್ಮೆ ಬೇರು ನೋಡಿ. ಖರ್ಚಿಲ್ಲ, ಅರ್ಧ ಗಂಟೆ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಬಿತ್ತಿ 40-45 ದಿನ ಆಗಿರಬೇಕು, ಗಿಡ ಹೂವಿನಲ್ಲಿರಬೇಕು. ಮಳೆ ಬಿದ್ದು ನೆಲ ಹದವಾಗಿರುವಾಗ ಹೋಗಿ. ಗಿಡವನ್ನು ಕೈಯಲ್ಲಿ ಎಳೆಯಬೇಡಿ, ಗಂಟುಗಳೆಲ್ಲ ಕಳಚಿ ಮಣ್ಣಲ್ಲೇ ಉಳಿಯುತ್ತವೆ. ಬುಡದಿಂದ ಒಂದು ಗೇಣು ದೂರಕ್ಕೆ ಗುದ್ದಲಿ ಹಾಕಿ, ಹೆಂಟೆ ಸಮೇತ ಎತ್ತಿ. ಬಕೆಟ್ ನೀರಲ್ಲಿ ನೆನೆಸಿದರೆ ಮಣ್ಣು ತಾನಾಗಿ ಬಿಡುತ್ತದೆ. ಹೊಲದ ಬೇರೆ ಬೇರೆ ಕಡೆಯಿಂದ ಮೂರ್ನಾಲ್ಕು ಗಿಡ ತೆಗೆಯಿರಿ.

ಕವಲು ಬೇರು ಒಡೆಯುವ ಕಡೆ ಸಾಸಿವೆ ಗಾತ್ರದ ದುಂಡು ಗಂಟು ಕಾಣುತ್ತವೆ. ಬೆರಳಲ್ಲಿ ಉಜ್ಜಿದರೆ ಸಲೀಸಾಗಿ ಉದುರಬೇಕು. ಉದುರದೆ, ಬೇರೇ ಊದಿಕೊಂಡಿದ್ದರೆ ಅದು ಮಣ್ಣಿನಲ್ಲಿರುವ ಜಂತುಹುಳದ ಕಾಟ ಇರಬಹುದು. ಆಗ ಕೃಷಿ ಅಧಿಕಾರಿಗೆ ತೋರಿಸಿ.

ಈಗ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಖುಷಿಪಡಿ, ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೀತಾ ಇದೆ. ಒಳಗಿರುವುದು ರೈಜೋಬಿಯಂ ಬ್ಯಾಕ್ಟೀರಿಯಾ. 1888ರಲ್ಲೇ ಡಚ್ ವಿಜ್ಞಾನಿ ಬೈಯರಿಂಕ್ ಇಂಥ ಗಂಟಿನಿಂದ ಅದನ್ನು ಬೇರ್ಪಡಿಸಿದ್ದರು. ಎಲೆ ಬಿಸಿಲಲ್ಲಿ ನೀರು ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಮಾಡುತ್ತದೆ. ಅದರಲ್ಲಿ ಒಂದು ಪಾಲು ಬೇರಿಗೆ ಇಳಿದು ಬ್ಯಾಕ್ಟೀರಿಯಾದ ಊಟವಾಗುತ್ತದೆ. ಗಾಳಿಯಲ್ಲಿ ಶೇ. 78 ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಶೇಂಗಾ ಬೀಜದ ಪ್ರೋಟೀನಿಗೆ ಬೇಕಾದ ಸಾರಜನಕದ ದೊಡ್ಡ ಪಾಲು ಹೀಗೇ ಬರುವುದು.

ಆ ಕೆಂಪು ಎಲ್ಲಿಂದ ಬಂತು ಅಂತೀರಾ? ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ ಅದು, ಲೆಗ್‌ಹಿಮೋಗ್ಲೋಬಿನ್. ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವ ಹಾಳಾಗುತ್ತದೆ. ಒಂಚೂರೂ ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಉಸಿರಿಲ್ಲ. ಎರಡೂ ಆಗದಂತೆ ಈ ಕೆಂಪು ವಸ್ತು ಆಮ್ಲಜನಕವನ್ನು ಅಳೆದು ಕೊಡುತ್ತದೆ. ಒಳಗೆ ಬೆಳ್ಳಗಿದ್ದರೆ ಗಂಟು ಇನ್ನೂ ಎಳೆಯದು, ಇಲ್ಲವೇ ಕೆಲಸ ಮಾಡುತ್ತಿಲ್ಲ. ಹಸಿರು, ಕಂದು ಆಗಿದ್ದರೆ ಅದರ ಕಾಲ ಮುಗಿದಿದೆ.

ಬಹುತೇಕ ಗಂಟು ಕೆಂಪಗಿದ್ದರೆ ಮೇಲಿಂದ ಯೂರಿಯಾ ಸುರಿಯಬೇಡಿ. ಮಣ್ಣಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾವನ್ನು ಸಾಕುವುದಿಲ್ಲ, ಹೊಸ ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ಚಿಗುರೆಲೆ ಮಾತ್ರ ಹಳದಿಯಾಗಿ, ನರ ಹಸಿರಾಗೇ ಉಳಿದಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಮದ್ದಲ್ಲ.

ಗಂಟೇ ಕಾಣದಿದ್ದರೆ ಮುಂದಿನ ಬಿತ್ತನೆಗೆ ರೈಜೋಬಿಯಂ ಪುಡಿ ತನ್ನಿ. ಹಿರಿಯೂರಿನ ಬಬ್ಬೂರು ಫಾರ್ಮ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಬೆಲ್ಲದ ಅಂಟುನೀರು ಕಾಯಿಸಿ, ಪೂರ್ತಿ ಆರಿದ ಮೇಲೆ ಪುಡಿ ಬೆರೆಸಿ ಬೀಜಕ್ಕೆ ಹಚ್ಚಿ. ಶೇಂಗಾ ಬೀಜದ ಸಿಪ್ಪೆ ಬಲು ತೆಳು, ಮೆಲ್ಲಗೆ ಕೈಯಾಡಿಸಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಿಬಿಡಿ. ಬಿಸಿಲಿಗಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ.